ಮಳೆಗಾಲದಲ್ಲಿ ಸೈಕಲ್ ಸಂಚಾರ ಮತ್ತು ರಸ್ತೆ ಹಂಚಿಕೆ: ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ರಾಜ್ಯದಲ್ಲಿ ದಿನನಿತ್ಯದ ಉದ್ಯೋಗ, ವಿದ್ಯಾಭ್ಯಾಸ ಹಾಗೂ ಸಣ್ಣ ವ್ಯಾಪಾರಕ್ಕಾಗಿ ಸೈಕಲ್ಲನ್ನು ಅವಲಂಬಿಸಿರುವವರಲ್ಲಿ ಅನೇಕರಿಗೆ ಮಳೆ ಬಂದ ದಿನ ಬೇರೆ ವಾಹನದ ಅನುಕೂಲ ಇರುವುದಿಲ್ಲ. ಬೆಳಗಿನ ಜಾವ ಪತ್ರಿಕೆ ಮತ್ತು ಹಾಲು ಹಂಚುವವರು, ಸಿದ್ಧ ಉಡುಪು ಕಾರ್ಖಾನೆಗಳ ಪಾಳಿಗೆ ತೆರಳುವ ಕಾರ್ಮಿಕರು, ರಾತ್ರಿ ಕಾವಲುಗಾರರು, ಕಟ್ಟಡ ಕೆಲಸಗಾರರು ಮತ್ತು ಶಾಲಾ ವಿದ್ಯಾರ್ಥಿಗಳು ಹವಾಮಾನ ಹೇಗಿದ್ದರೂ ರಸ್ತೆಗೆ ಇಳಿಯಲೇಬೇಕಾಗುತ್ತದೆ. 2011ರ ಜನಗಣತಿಯ ಪ್ರಕಾರ ದೇಶದ ಶೇ. 44.8ರಷ್ಟು ಕುಟುಂಬಗಳು ಸೈಕಲ್ ಹೊಂದಿದ್ದವು.

ರಾಜ್ಯ ಸರ್ಕಾರವು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯ ವಿದ್ಯಾರ್ಥಿಗಳಿಗಾಗಿ 2006-07ನೇ ಸಾಲಿನಲ್ಲಿ ಉಚಿತ ಸೈಕಲ್ ವಿತರಣಾ ಯೋಜನೆಯನ್ನು ಆರಂಭಿಸಿತು. ಕೋವಿಡ್ ಕಾರಣದಿಂದ 2020-21ರಲ್ಲಿ ವಿತರಣೆ ಸ್ಥಗಿತಗೊಳ್ಳುವವರೆಗೆ ಗ್ರಾಮೀಣ ಭಾಗದ ಅನೇಕ ಮಕ್ಕಳು ಈ ಸೈಕಲ್‌ಗಳಲ್ಲೇ ಪ್ರೌಢಶಾಲೆಗೆ ಹೋಗಿಬಂದರು. ಮೈಸೂರಿನಲ್ಲಿ 2017ರಲ್ಲಿ 'ಟ್ರಿಣ್ ಟ್ರಿಣ್' ಸಾರ್ವಜನಿಕ ಸೈಕಲ್ ಸೇವೆ ಪ್ರಾರಂಭವಾಯಿತು. ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ 2020ರಲ್ಲಿ ತಾತ್ಕಾಲಿಕ ಸೈಕಲ್ ಪಥವನ್ನು ಗುರುತಿಸಲಾಗಿತ್ತು. ಆದಾಗ್ಯೂ ಪ್ರತ್ಯೇಕ ಪಥವಿಲ್ಲದ ರಸ್ತೆಗಳೇ ಹೆಚ್ಚಾಗಿರುವುದರಿಂದ, ಸೈಕಲ್ ಸವಾರರು ಮತ್ತು ಮೋಟಾರು ವಾಹನ ಚಾಲಕರು ಒಂದೇ ರಸ್ತೆಯನ್ನು ಹಂಚಿಕೊಳ್ಳುವುದು ಅನಿವಾರ್ಯ.

ಮಳೆ ಬಂದಾಗ ರಸ್ತೆಯ ಎಡ ಅಂಚು ಮೊದಲು ಹಾಳಾಗುತ್ತದೆ. ನೀರು ನಿಲ್ಲುವುದು, ಗುಂಡಿ ಮರೆಯಾಗುವುದು, ಚರಂಡಿಯ ಬಾಯಿ ಕಾಣದಾಗುವುದು ಅಲ್ಲಿಯೇ. ಆದ್ದರಿಂದ ಸೈಕಲ್ ಸವಾರನು ಅಂಚನ್ನು ಬಿಟ್ಟು ಒಳಕ್ಕೆ ಬರಬೇಕಾಗುತ್ತದೆ. ಅದೇ ವೇಳೆಗೆ ಹಿಂದಿನಿಂದ ಬರುವ ಚಾಲಕನಿಗೆ ಮಳೆಯ ಪರದೆಯಲ್ಲಿ ಆತನು ಸರಿಯಾಗಿ ಕಾಣುವುದಿಲ್ಲ. ಮಳೆಗಾಲದ ಅನೇಕ ಅವಘಡಗಳ ಮೂಲ ಈ ಎರಡು ಅಂಶಗಳಲ್ಲಿದೆ. ಇವನ್ನು ಉಭಯತ್ರರೂ ಅರಿತು ನಡೆದುಕೊಳ್ಳಬೇಕೆಂಬುದೇ ಈ ಮಾಹಿತಿಯ ಉದ್ದೇಶವಾಗಿದೆ. ರಸ್ತೆ ದೋಷದ ಬಗ್ಗೆ ದೂರು ನೀಡುವ ಹಾಗೂ ಅಪಘಾತವಾದಲ್ಲಿ ಪರಿಹಾರಕ್ಕೆ ಅರ್ಜಿ ಸಲ್ಲಿಸುವ ವಿಧಾನವನ್ನು ಸಹ ಕೊನೆಯ ಭಾಗದಲ್ಲಿ ವಿವರಿಸಲಾಗಿದೆ.

2. ಸೈಕಲ್ ಸವಾರರ ಕಾನೂನಾತ್ಮಕ ಸ್ಥಾನ

(ಅ) ಮೋಟಾರು ವಾಹನಗಳ ಕಾಯ್ದೆ, 1988ರ ಅರ್ಥದಲ್ಲಿ ಸೈಕಲ್ ಮೋಟಾರು ವಾಹನವಲ್ಲ. ಆದ್ದರಿಂದ ಚಾಲನಾ ಪರವಾನಗಿ, ನೋಂದಣಿ ಹಾಗೂ ವಿಮೆಯ ಅಗತ್ಯವಿರುವುದಿಲ್ಲ. ಕಾಯ್ದೆಯ ಕಲಂ 129ರ ಹೆಲ್ಮೆಟ್ ನಿಯಮವು ಮೋಟಾರು ಸೈಕಲ್‌ಗಳಿಗೆ ಸಂಬಂಧಿಸಿದ್ದು, ಸೈಕಲ್ ಸವಾರರಿಗೆ ಕಡ್ಡಾಯವಾಗಿರುವುದಿಲ್ಲ. ಆದರೆ ತಲೆಯ ರಕ್ಷಣೆಯ ದೃಷ್ಟಿಯಿಂದ ಧರಿಸುವುದು ಸೂಕ್ತ.

(ಆ) ಪರವಾನಗಿ ಬೇಕಿಲ್ಲ ಎಂದ ಮಾತ್ರಕ್ಕೆ ರಸ್ತೆಯ ಮೇಲೆ ಹಕ್ಕು ಇಲ್ಲವೆಂದು ಅರ್ಥವಲ್ಲ. ಸಾರ್ವಜನಿಕ ರಸ್ತೆಯನ್ನು ಬಳಸಲು, ನಿರ್ದಿಷ್ಟವಾಗಿ ನಿಷೇಧಿಸಲಾದ ಸ್ಥಳಗಳನ್ನು ಹೊರತುಪಡಿಸಿ, ಸೈಕಲ್ ಸವಾರರು ಅರ್ಹರು. ಉದಾಹರಣೆಗೆ, ಬೆಂಗಳೂರು–ಮೈಸೂರು ಹೆದ್ದಾರಿಯ ಪ್ರವೇಶ ನಿಯಂತ್ರಿತ ಮುಖ್ಯ ಪಥದಲ್ಲಿ ದಿನಾಂಕ 1-8-2023ರಿಂದ ದ್ವಿಚಕ್ರ ವಾಹನ, ಆಟೋರಿಕ್ಷಾ ಮತ್ತು ಮೋಟಾರುರಹಿತ ವಾಹನಗಳನ್ನು ನಿಷೇಧಿಸಲಾಗಿದೆ. ಅಲ್ಲಿ ಸೇವಾ ರಸ್ತೆಯನ್ನು ಬಳಸತಕ್ಕದ್ದು.

(ಇ) ಮೋಟಾರು ವಾಹನಗಳ (ಚಾಲನಾ) ವಿನಿಯಮಗಳು, 2017ರಂತೆ ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರು ಹಾಗೂ ವಿಕಲಚೇತನರ ಸುರಕ್ಷತೆಯ ಬಗ್ಗೆ ಚಾಲಕರು ವಿಶೇಷ ಎಚ್ಚರಿಕೆ ವಹಿಸುವುದು ಕರ್ತವ್ಯವಾಗಿರುತ್ತದೆ.

(ಈ) ಸಂಚಾರ ಸಂಕೇತ, ಏಕಮುಖ ಸಂಚಾರ, ಎಡಬದಿಯ ಚಲನೆ ಮುಂತಾದ ಶಿಸ್ತು ಸೈಕಲ್ ಸವಾರರಿಗೂ ಅನ್ವಯಿಸುತ್ತದೆ. ಮಳೆ ಜೋರಾಗಿದೆಯೆಂದು ಹತ್ತಿರದ ದಾರಿ ಹಿಡಿದು ವಿರುದ್ಧ ದಿಕ್ಕಿನಲ್ಲಿ ಬರುವುದು ಅತ್ಯಂತ ಅಪಾಯಕರ.

3. ರಾಜ್ಯದ ಹವಾಮಾನ ಮತ್ತು ರಸ್ತೆಯ ಸ್ವರೂಪ

ಮಳೆಯ ತೊಂದರೆ ಎಲ್ಲ ಜಿಲ್ಲೆಗಳಲ್ಲಿಯೂ ಒಂದೇ ರೀತಿಯದ್ದಲ್ಲ. ಸವಾರರು ತಮ್ಮ ಭಾಗದ ಲಕ್ಷಣವನ್ನು ಅರಿತಿರಬೇಕು.

(ಅ) ಕರಾವಳಿ ಮತ್ತು ಮಲೆನಾಡು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿರಂತರ ಮಳೆ. ರಸ್ತೆಯ ಅಂಚಿನಲ್ಲಿ ಪಾಚಿ ಕಟ್ಟುತ್ತದೆ. ಜಂಬಿಟ್ಟಿಗೆಯ ಕೆಂಪು ಕೆಸರು ಡಾಂಬರಿನ ಮೇಲೆ ಹರಿದು ಬರುತ್ತದೆ. ಇವೆರಡೂ ಸೈಕಲ್ಲಿನ ಕಿರಿದಾದ ಟೈರಿಗೆ ಹಿಡಿತ ನೀಡುವುದಿಲ್ಲ. ಘಟ್ಟ ಪ್ರದೇಶದಲ್ಲಿ ಮಂಜು ಸಹ ಸೇರಿಕೊಳ್ಳುತ್ತದೆ.

(ಆ) ಉತ್ತರ ಒಳನಾಡು: ಧಾರವಾಡ, ಗದಗ, ವಿಜಯಪುರ, ಕಲಬುರಗಿ, ರಾಯಚೂರು ಜಿಲ್ಲೆಗಳ ಎರೆ ಭೂಮಿಯಲ್ಲಿ ಒದ್ದೆ ಮಣ್ಣು ಚಕ್ರಕ್ಕೆ ಅಂಟಿ, ಮಡ್‌ಗಾರ್ಡಿನಲ್ಲಿ ತುಂಬಿಕೊಂಡು ಸೈಕಲ್ ಮುಂದೆ ಸಾಗದಂತೆ ಮಾಡುತ್ತದೆ. ಹೊಲದ ದಾರಿಯಿಂದ ಡಾಂಬರು ರಸ್ತೆಗೆ ಬರುವ ಮೊದಲು ಟೈರು ಮತ್ತು ಬ್ರೇಕಿನ ಮಣ್ಣನ್ನು ಕೆರೆದು ತೆಗೆಯತಕ್ಕದ್ದು. ಟ್ರ್ಯಾಕ್ಟರುಗಳು ರಸ್ತೆಗೆ ತಂದು ಬೀಳಿಸಿದ ಎರೆಮಣ್ಣು ಮೊದಲ ಹನಿಗೇ ಜಾರುತ್ತದೆ.

(ಇ) ಬೆಂಗಳೂರು, ಮೈಸೂರು ಮತ್ತು ದಕ್ಷಿಣ ಒಳನಾಡು: ಏಪ್ರಿಲ್–ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ನಂತರ ಗುಡುಗು, ಬಿರುಗಾಳಿ ಸಹಿತ ಮಳೆ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಅಂದರೆ ಹಸ್ತ–ಚಿತ್ತಾ ಮಳೆಯ ಕಾಲದವರೆಗೂ, ಸಂಜೆಯ ಭಾರಿ ಮಳೆ. ಇದು ಕಚೇರಿ ಮತ್ತು ಶಾಲೆ ಬಿಡುವ ಸಮಯವಾದ್ದರಿಂದ ವಾಹನ ದಟ್ಟಣೆ, ಕತ್ತಲೆ ಹಾಗೂ ಮಳೆ ಏಕಕಾಲಕ್ಕೆ ಒದಗುತ್ತವೆ.

ಬಹುದಿನಗಳ ಬಿಸಿಲಿನ ನಂತರ ಬೀಳುವ ಮೊದಲ ಮಳೆಯ ಆರಂಭದ ನಿಮಿಷಗಳಲ್ಲಿ ರಸ್ತೆ ಅತಿ ಹೆಚ್ಚು ಜಾರುತ್ತದೆ. ವಾಹನಗಳಿಂದ ತೊಟ್ಟಿಕ್ಕಿದ ಎಣ್ಣೆ, ಟೈರಿನ ಪುಡಿ ಹಾಗೂ ಧೂಳು ನೀರಿನೊಂದಿಗೆ ಬೆರೆತು ಜಿಡ್ಡಿನ ಪದರವಾಗುವುದೇ ಇದಕ್ಕೆ ಕಾರಣ. ಮಳೆ ಮುಂದುವರಿದಂತೆ ಈ ಪದರ ತೊಳೆದು ಹೋಗುತ್ತದೆ. ಆದುದರಿಂದ ಮೊದಲ ಹನಿ ಬಿದ್ದೊಡನೆ ವೇಗ ಹೆಚ್ಚಿಸಿ ಮನೆ ಸೇರುವ ಪ್ರಯತ್ನ ಸರಿಯಲ್ಲ. ಹತ್ತು ನಿಮಿಷ ಸೂರಿನಡಿ ನಿಂತು ಹೊರಡುವುದು ಮೇಲು.

4. ಮುನ್ಸೂಚನೆ ತಿಳಿಯುವುದು

ಭಾರತ ಹವಾಮಾನ ಇಲಾಖೆಯು ಜಿಲ್ಲಾವಾರು ಎಚ್ಚರಿಕೆಯನ್ನು ಹಸಿರು, ಹಳದಿ, ಕಿತ್ತಳೆ ಹಾಗೂ ಕೆಂಪು ಬಣ್ಣಗಳಲ್ಲಿ ಪ್ರಕಟಿಸುತ್ತದೆ. 24 ಗಂಟೆಗಳಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ.ವರೆಗಿನ ಮಳೆಯನ್ನು ಭಾರಿ ಮಳೆ ಎಂದೂ, 115.6ರಿಂದ 204.4 ಮಿ.ಮೀ.ವರೆಗೆ ಅತಿ ಭಾರಿ ಮಳೆ ಎಂದೂ, ಅದಕ್ಕೂ ಮೀರಿದ್ದನ್ನು ಅತ್ಯಧಿಕ ಭಾರಿ ಮಳೆ ಎಂದೂ ವರ್ಗೀಕರಿಸಲಾಗಿದೆ. ಕಿತ್ತಳೆ ಎಚ್ಚರಿಕೆಯ ದಿನ ತಗ್ಗು ಪ್ರದೇಶದ ದಾರಿಯನ್ನು ಬಿಟ್ಟು ಬೇರೆ ದಾರಿಯನ್ನು ಮೊದಲೇ ಯೋಚಿಸಿಕೊಳ್ಳುವುದು, ಕೆಂಪು ಎಚ್ಚರಿಕೆಯ ದಿನ ಸೈಕಲ್ ಪ್ರಯಾಣವನ್ನು ಕೈಬಿಡುವುದು ಸೂಕ್ತ. ಸಿಡಿಲಿನ ಮುನ್ನೆಚ್ಚರಿಕೆಗಾಗಿ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ 'ದಾಮಿನಿ' ಮೊಬೈಲ್ ತಂತ್ರಾಂಶ ಲಭ್ಯವಿದೆ.

5. ಸೈಕಲ್ ಮತ್ತು ಉಡುಪಿನ ಸಿದ್ಧತೆ

(ಅ) ಬ್ರೇಕ್: ಸಾಮಾನ್ಯ ಸೈಕಲ್‌ಗಳಲ್ಲಿ ರಬ್ಬರ್ ತುಂಡುಗಳು ಉಕ್ಕಿನ ರಿಮ್ಮನ್ನು ಒತ್ತಿ ಹಿಡಿಯುತ್ತವೆ. ಒದ್ದೆ ಉಕ್ಕಿನ ಮೇಲೆ ಈ ಹಿಡಿತ ಬಹಳ ಕಡಿಮೆಯಾಗುತ್ತದೆ. ಬ್ರೇಕ್ ಒತ್ತಿದಾಗ ಚಕ್ರದ ಮೊದಲ ಸುತ್ತುಗಳು ನೀರನ್ನು ಒರೆಸುವುದಕ್ಕೇ ವ್ಯಯವಾಗಿ, ಆನಂತರವಷ್ಟೇ ಸೈಕಲ್ ನಿಧಾನಿಸುತ್ತದೆ. ಅಲ್ಯುಮಿನಿಯಂ ರಿಮ್ಮಿನಲ್ಲಿ ಈ ತೊಂದರೆ ಕಡಿಮೆ. ಡಿಸ್ಕ್ ಬ್ರೇಕಿನಲ್ಲಿ ಇನ್ನೂ ಕಡಿಮೆ. ಸವೆದ ರಬ್ಬರನ್ನು ಮಳೆಗಾಲಕ್ಕೆ ಮುನ್ನ ಬದಲಾಯಿಸಿಕೊಳ್ಳಬೇಕು. ರಿಮ್ಮಿಗೆ ಎಣ್ಣೆ ತಾಗದಂತೆ ನೋಡಿಕೊಳ್ಳಬೇಕು.

(ಆ) ಟೈರು: ನುಣುಪಾದ ಟೈರನ್ನು ಬದಲಾಯಿಸುವುದು. ಗಾಳಿಯನ್ನು ಗರಿಷ್ಠ ಮಟ್ಟಕ್ಕಿಂತ ಸ್ವಲ್ಪ ಕಡಿಮೆ ಇರಿಸಿದಲ್ಲಿ ರಸ್ತೆಗೆ ತಾಗುವ ಭಾಗ ಹೆಚ್ಚಿ ಹಿಡಿತ ಉತ್ತಮವಾಗುತ್ತದೆ.

(ಇ) ದೀಪ ಮತ್ತು ಪ್ರತಿಫಲಕ: ಹಿಂಬದಿಯ ಕೆಂಪು ದೀಪವು ಮಳೆಗಾಲದಲ್ಲಿ ಅತ್ಯಗತ್ಯ. ಗಂಟೆಗೆ 60 ಕಿ.ಮೀ. ವೇಗದ ಕಾರು 15 ಕಿ.ಮೀ. ವೇಗದ ಸೈಕಲ್ಲನ್ನು ಸೆಕೆಂಡಿಗೆ ಸುಮಾರು 12.5 ಮೀಟರ್ ದರದಲ್ಲಿ ಸಮೀಪಿಸುತ್ತದೆ. ಸವಾರನು 50 ಮೀಟರ್ ದೂರದಲ್ಲಿ ಮಾತ್ರ ಕಂಡಲ್ಲಿ ಚಾಲಕನಿಗೆ 4 ಸೆಕೆಂಡು ದೊರೆಯುತ್ತದೆ. ದೀಪದಿಂದಾಗಿ 150 ಮೀಟರ್ ದೂರದಲ್ಲೇ ಕಂಡಲ್ಲಿ 12 ಸೆಕೆಂಡು ದೊರೆಯುತ್ತದೆ. ಮಳೆ ಸುರಿಯುವಾಗ ಹಗಲಿನಲ್ಲಿಯೂ ದೀಪ ಬೆಳಗಿಸತಕ್ಕದ್ದು. ಡೈನಮೋ ದೀಪವು ಸೈಕಲ್ ನಿಂತಾಗ ಆರಿಹೋಗುವುದರಿಂದ ಬ್ಯಾಟರಿಯ ಹಿಂಬದಿ ದೀಪ ಇಟ್ಟುಕೊಳ್ಳುವುದು ಉತ್ತಮ. ಸೈಕಲ್ ಪ್ರತಿಫಲಕಗಳ ಗುಣಮಟ್ಟದ ಬಗ್ಗೆ ಕೇಂದ್ರ ಸರ್ಕಾರವು 2020ರಲ್ಲಿ ಆದೇಶ ಹೊರಡಿಸಿದೆ. ಹೊಸ ಸೈಕಲ್ ಕೊಳ್ಳುವಾಗ ಮುಂದೆ, ಹಿಂದೆ, ಪೆಡಲ್ ಹಾಗೂ ಚಕ್ರಗಳಲ್ಲಿ ಪ್ರತಿಫಲಕಗಳಿರುವುದನ್ನು ನೋಡಿ ಪಡೆಯಬೇಕು.

(ಈ) ಉಡುಪು: ಹಳದಿ, ಕಿತ್ತಳೆಯಂತಹ ಎದ್ದು ಕಾಣುವ ಬಣ್ಣದ ಮಳೆ ಅಂಗಿ ಧರಿಸುವುದು. ಕಪ್ಪು ಅಥವಾ ಗಾಢ ನೀಲಿ ಮಳೆ ಅಂಗಿಯಾದಲ್ಲಿ ಬೆನ್ನಿನ ಮೇಲೆ ಪ್ರತಿಫಲಕ ಪಟ್ಟಿಯನ್ನು ಹೊಲಿಸಿಕೊಳ್ಳಬಹುದು. ಮಳೆ ಅಂಗಿಯ ಅಂಚು ಚೈನು ಅಥವಾ ಚಕ್ರಕ್ಕೆ ಸಿಲುಕದಂತೆ ಕಟ್ಟಿಕೊಳ್ಳತಕ್ಕದ್ದು. ಮಲೆನಾಡಿನಲ್ಲಿ ಬಳಸುವ ಕಂಬಳಿ ಕೊಪ್ಪೆಯು ಗದ್ದೆ ಕೆಲಸಕ್ಕೆ ಒಳ್ಳೆಯದಾದರೂ ಸೈಕಲ್ ಸವಾರಿಯಲ್ಲಿ ಪಕ್ಕದ ನೋಟವನ್ನು ಮರೆಮಾಡುತ್ತದೆ. ಒಂದು ಕೈಯಲ್ಲಿ ಕೊಡೆ ಹಿಡಿದು ಸವಾರಿ ಮಾಡತಕ್ಕದ್ದಲ್ಲ. ಹಾಗೆ ಮಾಡಿದಲ್ಲಿ ಒಂದು ಬ್ರೇಕ್ ಮಾತ್ರ ಕೈಗೆ ಸಿಗುವುದಲ್ಲದೆ, ಗಾಳಿಗೆ ಕೊಡೆಯೊಂದಿಗೆ ಸವಾರನೂ ವಾಲುತ್ತಾನೆ.

(ಉ) ಹೊರೆ: ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರ್, ತರಕಾರಿ ಚೀಲ ಮುಂತಾದ ಹೊರೆಯಿದ್ದಾಗ ನಿಲ್ಲುವ ದೂರ ಇನ್ನಷ್ಟು ಹೆಚ್ಚುತ್ತದೆ. ಹೊರೆಯು ಹಿಂಬದಿ ದೀಪವನ್ನು ಮರೆಮಾಡದಂತೆ ದೀಪದ ಜಾಗವನ್ನು ಬದಲಾಯಿಸಿಕೊಳ್ಳಬೇಕು.

6. ರಸ್ತೆಯಲ್ಲಿ ಸವಾರನ ಸ್ಥಾನ

ಎಡಬದಿಯಲ್ಲಿ ಸಂಚರಿಸುವುದು ನಿಯಮ. ಎಡಬದಿ ಎಂದರೆ ಚರಂಡಿಯ ಅಂಚು ಎಂದು ಅರ್ಥೈಸತಕ್ಕದ್ದಲ್ಲ. ರಸ್ತೆಯನ್ನು ಮಧ್ಯದಲ್ಲಿ ಎತ್ತರಿಸಿ ಎರಡೂ ಬದಿಗೆ ಇಳಿಜಾರು ನೀಡಿ ನಿರ್ಮಿಸುವುದರಿಂದ ಮಳೆನೀರು ಅಂಚಿಗೆ ಹರಿಯುತ್ತದೆ. ನೀರಿನೊಂದಿಗೆ ಮರಳು, ಜಲ್ಲಿ, ಎಲೆ ಹಾಗೂ ಗಾಜಿನ ಚೂರು ಸಹ ಅಲ್ಲಿಗೇ ಬಂದು ಸೇರುತ್ತವೆ. ಆದ ಕಾರಣ ಕೆಳಕಂಡಂತೆ ನಡೆದುಕೊಳ್ಳಲು ಸೂಚಿಸಲಾಗಿದೆ.

(ಅ) ನೀರು ನಿಂತ ಅಂಚಿನಿಂದ ಸುಮಾರು ಒಂದು ತೋಳಿನ ಉದ್ದದಷ್ಟು ಒಳಗೆ, ನೇರ ಗೆರೆಯಲ್ಲಿ ಸಂಚರಿಸುವುದು.

(ಆ) ಪ್ರತಿ ಗುಂಡಿಗೂ ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ ಬರುವುದು ಅಪಾಯಕರ. ಹಿಂದಿನ ಚಾಲಕನಿಗೆ ಸವಾರನ ಮುಂದಿನ ಚಲನೆ ಅಂದಾಜಿಗೆ ಸಿಗುವಂತಿರಬೇಕು.

(ಇ) ಒಳಕ್ಕೆ ಸರಿಯುವ ಮುನ್ನ ಬಲಭುಜದ ಮೇಲಿಂದ ಹಿಂದೆ ನೋಡಿ, ಬಲಗೈ ಚಾಚಿ ಸಂಜ್ಞೆ ನೀಡಿ, ಹಿಂದಿನ ವಾಹನ ನಿಧಾನಿಸಿದ್ದು ಖಚಿತವಾದ ನಂತರ ಸರಿಯುವುದು.

(ಈ) ತಳ ಕಾಣದ ನೀರಿನಲ್ಲಿ ಸೈಕಲ್ ಇಳಿಸತಕ್ಕದ್ದಲ್ಲ. ನಿತ್ಯ ಓಡಾಡುವ ದಾರಿಯಾದರೂ ಚರಂಡಿಯ ಮುಚ್ಚಳ ಕೊಚ್ಚಿಹೋಗಿರುವ ಸಾಧ್ಯತೆ ಇರುತ್ತದೆ.

(ಉ) ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳ, ರಸ್ತೆಯ ಬಿಳಿ ಬಣ್ಣದ ಪಟ್ಟಿ, ಮೇಲ್ಸೇತುವೆಯ ಉಕ್ಕಿನ ಜೋಡಣೆ, ಒದ್ದೆ ಎಲೆಗಳ ಮೇಲೆ ತಿರುಗುವುದಾಗಲಿ ಬ್ರೇಕ್ ಹಾಕುವುದಾಗಲಿ ಕೂಡದು, ನೇರವಾಗಿ ದಾಟತಕ್ಕದ್ದು. ರೈಲ್ವೆ ಹಳಿಯನ್ನು ಅಡ್ಡಲಾಗಿ, ಲಂಬ ಕೋನದಲ್ಲಿ ದಾಟುವುದು. ಓರೆಯಾಗಿ ದಾಟಿದಲ್ಲಿ ಚಕ್ರವು ಹಳಿಯ ಸಂದಿಗೆ ಸಿಲುಕುತ್ತದೆ. ಅನುಮಾನವಿದ್ದಲ್ಲಿ ಇಳಿದು ತಳ್ಳಿಕೊಂಡು ಹೋಗುವುದು.

(ಊ) ಎರಡೂ ಬ್ರೇಕ್‌ಗಳನ್ನು ಒಟ್ಟಾಗಿ, ಮೆಲ್ಲಗೆ, ಬೇಗನೆ ಹಾಕಲು ಆರಂಭಿಸುವುದು. ವೃತ್ತ ಅಥವಾ ಇಳಿಜಾರು ಬರುವ ಮುನ್ನ ಬ್ರೇಕನ್ನು ಹಗುರವಾಗಿ ಒತ್ತಿ ರಿಮ್ಮಿನ ನೀರನ್ನು ಒರೆಸಿಕೊಳ್ಳುವುದು. ತಿರುವಿನ ಮಧ್ಯದಲ್ಲಿ ಬ್ರೇಕ್ ಹಾಕತಕ್ಕದ್ದಲ್ಲ.

(ಋ) ಲಾರಿ ಮತ್ತು ಬಸ್ಸುಗಳ ಎಡಬದಿಯಲ್ಲಿ ನುಸುಳತಕ್ಕದ್ದಲ್ಲ. ಸಂಕೇತ ದೀಪದ ಬಳಿ ನಿಂತ ಲಾರಿಯು ಎಡಕ್ಕೆ ತಿರುಗುವಾಗ ಚಾಲಕನಿಗೆ ಪಕ್ಕದ ಸೈಕಲ್ ಕಾಣುವುದಿಲ್ಲ. ಮಳೆಯಲ್ಲಿ ಆತನ ಕನ್ನಡಿಯೂ ಹನಿಗಳಿಂದ ಮಸುಕಾಗಿರುತ್ತದೆ. ಲಾರಿಯ ಹಿಂದೆಯೇ ನಿಲ್ಲುವುದು ಸುರಕ್ಷಿತ.

(ೠ) ಕೆರೆ ಏರಿ, ಸೇತುವೆ ಹಾಗೂ ಮೇಲ್ಸೇತುವೆಗಳಲ್ಲಿ ಅಡ್ಡಗಾಳಿ ಬೀಸುತ್ತದೆ. ದೊಡ್ಡ ವಾಹನ ಪಕ್ಕದಲ್ಲಿ ಹಾದುಹೋದಾಗ ಗಾಳಿ ಕ್ಷಣಕಾಲ ನಿಂತು ಮತ್ತೆ ರಭಸದಿಂದ ತಾಗುವುದರಿಂದ, ಹ್ಯಾಂಡಲನ್ನು ಎರಡೂ ಕೈಗಳಿಂದ ಹಿಡಿದಿರಬೇಕು.

7. ಮೋಟಾರು ವಾಹನ ಚಾಲಕರ ಕರ್ತವ್ಯಗಳು

(ಅ) ಮಳೆಯಲ್ಲಿ ಸೈಕಲ್ ಸವಾರನು ಅಂಚನ್ನು ಬಿಟ್ಟು ಒಳಗೆ ಬರುವುದು ಉದ್ಧಟತನವಲ್ಲ. ಆತನಿಗೆ ಕಾಣುವ ಗುಂಡಿ ಚಾಲಕನಿಗೆ ಕಾಣುವುದಿಲ್ಲ ಎಂಬುದನ್ನು ನೆನಪಿಡತಕ್ಕದ್ದು. ಮುಂದೆ ನೀರು ನಿಂತಿರುವುದು ಕಂಡಲ್ಲಿ ಸವಾರನು ಒಳಕ್ಕೆ ಸರಿಯುವನೆಂದು ಮೊದಲೇ ಭಾವಿಸಿ ವೇಗ ತಗ್ಗಿಸಬೇಕು.

(ಆ) ಹಿಂದಿಕ್ಕುವಾಗ ಪಕ್ಕದಲ್ಲಿ ಕನಿಷ್ಠ ಒಂದು ಮೀಟರ್, ಸಾಧ್ಯವಿದ್ದಲ್ಲಿ ಒಂದೂವರೆ ಮೀಟರ್ ಅಂತರ ಬಿಡುವುದು. ಸವಾರನು ಜಾರಿ ಬಿದ್ದಲ್ಲಿ ರಸ್ತೆಯ ಕಡೆಗೇ ಬೀಳಬಹುದು. ಅಷ್ಟು ಜಾಗವಿಲ್ಲದ ಕಡೆ ಹಿಂದೆಯೇ ಕಾಯತಕ್ಕದ್ದು. ಇದರಿಂದ ಆಗುವ ವಿಳಂಬ ಕೆಲವು ಸೆಕೆಂಡುಗಳಷ್ಟೇ.

(ಇ) ನಿಂತ ನೀರಿನ ಬಳಿ ವೇಗವಾಗಿ ಹೋಗಿ ನೀರು ಎರಚತಕ್ಕದ್ದಲ್ಲ. ಮುಖಕ್ಕೆ ಎರಚಿದ ಕೆಸರು ನೀರು ಸವಾರನ ಕಣ್ಣು ಮುಚ್ಚಿಸಿ ಆಯ ತಪ್ಪಿಸುತ್ತದೆ.

(ಈ) ಸವಾರನ ಬೆನ್ನ ಹಿಂದೆಯೇ ಬಂದು ಏಕಾಏಕಿ ಹಾರ್ನ್ ಮಾಡಬಾರದು. ಅಗತ್ಯವಿದ್ದಲ್ಲಿ ದೂರದಿಂದಲೇ ಒಮ್ಮೆ ಹಗುರವಾಗಿ ಸೂಚಿಸುವುದು.

(ಉ) ಎದುರಿನಿಂದ ಸೈಕಲ್ ಬರುವಾಗ ಪ್ರಖರ ದೀಪವನ್ನು ತಗ್ಗಿಸುವುದು. ಒದ್ದೆ ರಸ್ತೆಯ ಪ್ರತಿಫಲನದಿಂದ ಕಣ್ಣು ಕೋರೈಸುವುದು ಇಮ್ಮಡಿಯಾಗುತ್ತದೆ.

(ಊ) ನಿಲ್ಲಿಸಿದ ಕಾರಿನ ಬಾಗಿಲು ತೆರೆಯುವ ಮುನ್ನ ಹಿಂದೆ ನೋಡತಕ್ಕದ್ದು. ಚಾಲಕನು ಬಲಗಡೆಯ ಬಾಗಿಲನ್ನು ಎಡಗೈಯಿಂದ ತೆರೆಯುವ ಅಭ್ಯಾಸ ಮಾಡಿಕೊಂಡಲ್ಲಿ ಮೈ ತಾನಾಗಿಯೇ ತಿರುಗಿ ಹಿಂದಿನ ರಸ್ತೆ ಕಾಣುತ್ತದೆ.

(ಋ) ಸೈಕಲ್ ಪಥ ಹಾಗೂ ಪಾದಚಾರಿ ಮಾರ್ಗದಲ್ಲಿ ಮೋಟಾರು ವಾಹನ ಚಲಾಯಿಸುವುದು, ನಿಲ್ಲಿಸುವುದು ಕೂಡದು. ಪಥ ಮುಚ್ಚಿದಾಗ ಸೈಕಲ್ ಸವಾರನು ಮುಖ್ಯ ರಸ್ತೆಗೆ ಬರಬೇಕಾಗುತ್ತದೆ.

ಅಪಾಯಕರ ಚಾಲನೆಯು ಮೋಟಾರು ವಾಹನಗಳ ಕಾಯ್ದೆಯ ಕಲಂ 184ರ ಅಡಿಯಲ್ಲಿಯೂ, ಅಜಾಗರೂಕತೆಯ ಚಾಲನೆಯು ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 281ರ ಅಡಿಯಲ್ಲಿಯೂ ಶಿಕ್ಷಾರ್ಹವಾಗಿರುತ್ತದೆ.

8. ಸವಾರಿಯನ್ನು ನಿಲ್ಲಿಸಲೇಬೇಕಾದ ಸಂದರ್ಭಗಳು

(ಅ) ಗುಡುಗು ಕೇಳಿದಾಗ: ಸೈಕಲ್ಲಿನಿಂದ ಇಳಿದು ಭದ್ರವಾದ ಕಟ್ಟಡದೊಳಗೆ ಆಶ್ರಯ ಪಡೆಯುವುದು. ಮರದ ಕೆಳಗೆ ನಿಲ್ಲತಕ್ಕದ್ದಲ್ಲ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯುವುದು.

(ಆ) ಬಿರುಗಾಳಿ ಬೀಸಿದಾಗ: ಸಾಲುಮರಗಳ ಕೊಂಬೆ, ಜಾಹೀರಾತು ಫಲಕ ಹಾಗೂ ತಗಡಿನ ಶೀಟುಗಳು ಬೀಳುವ ಸಂಭವವಿರುತ್ತದೆ.

(ಇ) ರಸ್ತೆಯ ಮೇಲೆ ನೀರು ಹರಿಯುತ್ತಿರುವಾಗ: ಸುಮಾರು 15 ಸೆಂ.ಮೀ. ಆಳದ ರಭಸದ ನೀರು ನಿಂತ ಮನುಷ್ಯನನ್ನು ಬೀಳಿಸಬಲ್ಲದು. ಮುಳುಗಿದ ಸೇತುವೆ, ಕೆಳಸೇತುವೆ, ಹಳ್ಳದ ದಾರಿಯನ್ನು ಸೈಕಲ್ ತಳ್ಳಿಕೊಂಡು ಸಹ ದಾಟತಕ್ಕದ್ದಲ್ಲ.

(ಈ) ವಿದ್ಯುತ್ ತಂತಿ ಬಿದ್ದಿರುವಾಗ: ತಂತಿ ತಾಗಿದ ನೀರಿಗೂ ವಿದ್ಯುತ್ ಹರಿಯುತ್ತದೆ. ದೂರದಲ್ಲೇ ನಿಂತು, ಇತರರನ್ನೂ ತಡೆದು, ದೂರವಾಣಿ 1912ಕ್ಕೆ ತಿಳಿಸುವುದು.

ಉದ್ಯೋಗದಾತರು ಮತ್ತು ಶಾಲಾ ಮುಖ್ಯಸ್ಥರ ಗಮನಕ್ಕೆ: ಹಾಜರಿ ತಪ್ಪುವುದೆಂಬ ಅಥವಾ ಅರ್ಧ ದಿನದ ಕೂಲಿ ಕಡಿತವಾಗುವುದೆಂಬ ಭಯದಿಂದ ಸವಾರರು ಅಪಾಯದ ನೀರಿಗೆ ಇಳಿಯುತ್ತಾರೆ. ಎಚ್ಚರಿಕೆಯ ದಿನಗಳಲ್ಲಿ ತಡವಾಗಿ ಬರಲು ಅವಕಾಶ ನೀಡುವುದು, ಸೂರಿರುವ ಸೈಕಲ್ ನಿಲ್ದಾಣ ಮತ್ತು ಒದ್ದೆ ಬಟ್ಟೆ ಬದಲಿಸಲು ಸ್ಥಳ ಒದಗಿಸುವುದು ಕಡಿಮೆ ವೆಚ್ಚದ ಸುರಕ್ಷತಾ ಕ್ರಮಗಳಾಗಿವೆ. ಶಾಲೆ ಬಿಡುವ ವೇಳೆಗೆ ಮಳೆ ಜೋರಾಗಿದ್ದಲ್ಲಿ ಸೈಕಲ್ ಮಕ್ಕಳನ್ನು ಮಳೆ ತಗ್ಗುವವರೆಗೆ ಉಳಿಸಿಕೊಂಡು, ಒಂದೇ ದಾರಿಯ ಮಕ್ಕಳನ್ನು ಒಟ್ಟಾಗಿ, ಒಬ್ಬರ ಹಿಂದೆ ಒಬ್ಬರಂತೆ ಕಳುಹಿಸುವುದು.

9. ರಸ್ತೆ ದೋಷದ ಬಗ್ಗೆ ದೂರು ಸಲ್ಲಿಸುವ ವಿಧಾನ

ಮುಚ್ಚಳವಿಲ್ಲದ ಚರಂಡಿ, ಗುಂಡಿ ಅಥವಾ ಕೆಟ್ಟ ಬೀದಿದೀಪದ ಬಗ್ಗೆ ದೂರು ನೀಡುವಾಗ ರಸ್ತೆ ಯಾರ ಅಧೀನದಲ್ಲಿದೆ ಎಂಬುದು ಮುಖ್ಯ.

- ನಗರ, ಪಟ್ಟಣದ ರಸ್ತೆ: ಆಯಾ ನಗರ ಸ್ಥಳೀಯ ಸಂಸ್ಥೆ. ಬೆಂಗಳೂರಿನಲ್ಲಿ 2025ರಿಂದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲಿಗೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳಿವೆ.
- ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ: ಲೋಕೋಪಯೋಗಿ ಇಲಾಖೆ.
- ಗ್ರಾಮೀಣ ರಸ್ತೆ: ಗ್ರಾಮ ಪಂಚಾಯಿತಿ ಅಥವಾ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ.
- ರಾಷ್ಟ್ರೀಯ ಹೆದ್ದಾರಿ: ಸಹಾಯವಾಣಿ 1033.
- ಇಲಾಖೆ ಯಾವುದೆಂದು ತಿಳಿಯದಿದ್ದಲ್ಲಿ: ರಾಜ್ಯದ ಸಮಗ್ರ ಸಾರ್ವಜನಿಕ ಕುಂದುಕೊರತೆ ನಿವಾರಣಾ ವ್ಯವಸ್ಥೆಯಾದ 'ಜನಸ್ಪಂದನ', ದೂರವಾಣಿ 1902.

ದೂರಿನಲ್ಲಿ ಸ್ಥಳದ ಗುರುತು, ದಿನಾಂಕ, ಸಾಧ್ಯವಿದ್ದಲ್ಲಿ ಛಾಯಾಚಿತ್ರ ಇರಬೇಕು. ದೂರಿನ ನೋಂದಣಿ ಸಂಖ್ಯೆಯನ್ನು ಪಡೆದು ಇಟ್ಟುಕೊಳ್ಳತಕ್ಕದ್ದು. ರಸ್ತೆ ವಿನ್ಯಾಸ, ನಿರ್ಮಾಣ ಮತ್ತು ನಿರ್ವಹಣೆಯ ನಿಗದಿತ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದಲ್ಲಿ ಸಂಬಂಧಿಸಿದ ಪ್ರಾಧಿಕಾರ ಅಥವಾ ಗುತ್ತಿಗೆದಾರರಿಗೆ ಒಂದು ಲಕ್ಷ ರೂ.ವರೆಗೆ ದಂಡ ವಿಧಿಸಲು ಕಲಂ 198ಎ ಅಡಿ ಅವಕಾಶವಿದೆ. ಇಂತಹ ಪ್ರಕರಣದಲ್ಲಿ ಹಿಂದೆ ನೀಡಿದ ದೂರಿನ ದಾಖಲೆ ಉಪಯುಕ್ತವಾಗುತ್ತದೆ.

10. ಅಪಘಾತ ಸಂಭವಿಸಿದಲ್ಲಿ

(ಅ) ತುರ್ತು ಸಹಾಯಕ್ಕೆ 112, ಆಂಬ್ಯುಲೆನ್ಸ್ ಸೇವೆಗೆ 108. ಗಾಯಾಳುವಿಗೆ ಚಿಕಿತ್ಸೆ ದೊರಕಿಸುವುದು ಮತ್ತು ಪೊಲೀಸರಿಗೆ ತಿಳಿಸುವುದು ವಾಹನ ಚಾಲಕನ ಕರ್ತವ್ಯ (ಕಲಂ 134). ಸಹಾಯಕ್ಕೆ ಬಂದ ದಾರಿಹೋಕರಿಗೆ ಕಲಂ 134ಎ ರಕ್ಷಣೆ ನೀಡುತ್ತದೆ. ಹೆಸರು, ವಿಳಾಸ ತಿಳಿಸಲು ಅವರನ್ನು ಒತ್ತಾಯಿಸುವಂತಿಲ್ಲ.

(ಆ) ವಾಹನದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು. ಸೈಕಲ್ಲನ್ನು ಕೂಡಲೇ ದುರಸ್ತಿ ಮಾಡಿಸದೆ ಛಾಯಾಚಿತ್ರ ತೆಗೆದಿರಿಸುವುದು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯಲು ದೂರುದಾರರು ಅರ್ಹರು.

(ಇ) ಚಿಕಿತ್ಸೆ: ಮೋಟಾರು ವಾಹನದ ಬಳಕೆಯಿಂದ ಉಂಟಾದ ಅಪಘಾತದ ಗಾಯಾಳುಗಳಿಗೆ, ಸೈಕಲ್ ಸವಾರರೂ ಸೇರಿದಂತೆ, ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ ಗರಿಷ್ಠ 1.5 ಲಕ್ಷ ರೂ. ಮೊತ್ತದ ನಗದುರಹಿತ ಚಿಕಿತ್ಸೆ ನೀಡುವ ಕೇಂದ್ರ ಯೋಜನೆಯು ಮೇ 2025ರಲ್ಲಿ ಜಾರಿಗೆ ಬಂದಿದೆ.

(ಈ) ವಾಹನ ಗೊತ್ತಿದ್ದಲ್ಲಿ: ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಕಲಂ 166ರ ಅಡಿ ಅರ್ಜಿ ಸಲ್ಲಿಸಬಹುದು. ಅಪಘಾತ ನಡೆದ ಸ್ಥಳ, ಅರ್ಜಿದಾರರ ವಾಸಸ್ಥಳ ಅಥವಾ ಎದುರುದಾರರ ವಾಸಸ್ಥಳದ ನ್ಯಾಯಮಂಡಳಿಯನ್ನು ಆಯ್ದುಕೊಳ್ಳಬಹುದು. ಕಾಯ್ದೆಯಲ್ಲಿ ಆರು ತಿಂಗಳ ಅವಧಿಯನ್ನು ನಮೂದಿಸಿರುವುದರಿಂದ ಅದರೊಳಗಾಗಿಯೇ ಸಲ್ಲಿಸುವುದು ಸೂಕ್ತ. ಚಾಲಕನ ತಪ್ಪನ್ನು ಸಾಬೀತುಪಡಿಸದೆಯೇ ಕಲಂ 164ರ ಅಡಿ ಮರಣಕ್ಕೆ 5 ಲಕ್ಷ ರೂ., ತೀವ್ರ ಗಾಯಕ್ಕೆ 2.5 ಲಕ್ಷ ರೂ. ಪರಿಹಾರ ಕೋರಲು ಸಹ ಅವಕಾಶವಿದೆ.

(ಉ) ವಾಹನ ಪರಾರಿಯಾಗಿದ್ದಲ್ಲಿ: ದಿನಾಂಕ 1-4-2022ರಿಂದ ಜಾರಿಯಲ್ಲಿರುವ ಯೋಜನೆಯಂತೆ ಮರಣಕ್ಕೆ 2 ಲಕ್ಷ ರೂ., ತೀವ್ರ ಗಾಯಕ್ಕೆ 50,000 ರೂ. ಪರಿಹಾರ ದೊರೆಯುತ್ತದೆ. ಅರ್ಜಿಯನ್ನು ಅಪಘಾತ ನಡೆದ ಉಪವಿಭಾಗ ಅಥವಾ ತಾಲ್ಲೂಕಿನ ಕ್ಲೇಮು ವಿಚಾರಣಾಧಿಕಾರಿಗೆ ಸಲ್ಲಿಸತಕ್ಕದ್ದು. ಅವರ ವರದಿಯ ಮೇಲೆ ಜಿಲ್ಲಾಧಿಕಾರಿಗಳು ಮಂಜೂರಾತಿ ನೀಡುತ್ತಾರೆ. ಲಗತ್ತಿಸಬೇಕಾದ ದಾಖಲೆಗಳು:

- ನಿಗದಿತ ನಮೂನೆಯ ಅರ್ಜಿ
- ಗಾಯಾಳು ಅಥವಾ ಮೃತರ ಹಾಗೂ ಅರ್ಜಿದಾರರ ಗುರುತು ಮತ್ತು ವಿಳಾಸದ ಪುರಾವೆ
- ಪ್ರಥಮ ವರ್ತಮಾನ ವರದಿಯ ಪ್ರತಿ
- ಗಾಯದ ವರದಿ ಅಥವಾ ಮರಣೋತ್ತರ ಪರೀಕ್ಷಾ ವರದಿ
- ಆಸ್ಪತ್ರೆಯ ಬಿಲ್ಲುಗಳು
- ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ

(ಊ) ಉಚಿತ ಕಾನೂನು ನೆರವು: ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ವಿಕಲಚೇತನರು ಹಾಗೂ ಕೈಗಾರಿಕಾ ಕಾರ್ಮಿಕರು ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರಂತೆ ಉಚಿತ ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಅಥವಾ ಸಹಾಯವಾಣಿ 15100 ಅನ್ನು ಸಂಪರ್ಕಿಸಬಹುದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಿದ್ಯುತ್ ಚಾಲಿತ ಸೈಕಲ್ಲಿಗೆ ಪರವಾನಗಿ ಬೇಕೇ?
ಉತ್ತರ: ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಹಾಗೂ ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆಯಿದ್ದು, ನಿಯಮದ ಇತರ ಷರತ್ತುಗಳಿಗೆ ಒಳಪಟ್ಟಲ್ಲಿ ಬೇಕಾಗಿರುವುದಿಲ್ಲ. ಇದಕ್ಕೆ ಮೀರಿದ್ದು ಮೋಟಾರು ವಾಹನವಾಗುತ್ತದೆ.

ಪ್ರಶ್ನೆ: ಯಾವುದೇ ವಾಹನ ತಾಗದೆ, ಗುಂಡಿಯಲ್ಲಿ ಬಿದ್ದು ಗಾಯವಾದಲ್ಲಿ ಮೇಲಿನ ಪರಿಹಾರ ಸಿಗುವುದೇ?
ಉತ್ತರ: ಕ್ರಮ ಸಂಖ್ಯೆ 10ರ (ಇ), (ಈ), (ಉ) ಸೌಲಭ್ಯಗಳು ಮೋಟಾರು ವಾಹನದಿಂದಾದ ಅಪಘಾತಕ್ಕೆ ಮಾತ್ರ ಅನ್ವಯಿಸುತ್ತವೆ. ಗುಂಡಿಯಿಂದಾದ ಹಾನಿಗೆ ರಸ್ತೆಯ ನಿರ್ವಹಣಾ ಪ್ರಾಧಿಕಾರದ ವಿರುದ್ಧ ಪ್ರತ್ಯೇಕವಾಗಿ ಕಾನೂನು ಕ್ರಮ ಕೈಗೊಳ್ಳಬೇಕಾಗುತ್ತದೆ. ಇದಕ್ಕೆ ಕಾನೂನು ಸೇವಾ ಪ್ರಾಧಿಕಾರದ ಸಲಹೆ ಪಡೆಯಬಹುದು.

ಪ್ರಶ್ನೆ: ಸವಾರನು ದೀಪ ಅಥವಾ ಹೆಲ್ಮೆಟ್ ಹೊಂದಿರಲಿಲ್ಲವೆಂದು ಪರಿಹಾರದ ಅರ್ಜಿಯನ್ನು ಕೈಬಿಡಬೇಕೇ?
ಉತ್ತರ: ಕೈಬಿಡಬೇಕಾಗಿಲ್ಲ. ಯಾರ ತಪ್ಪು ಎಷ್ಟು ಎಂಬುದನ್ನು ನ್ಯಾಯಮಂಡಳಿಯು ಸಾಕ್ಷ್ಯಾಧಾರಗಳ ಮೇಲೆ ನಿರ್ಧರಿಸುತ್ತದೆ.

ಪ್ರಶ್ನೆ: ದಾರಿಯ ಮಧ್ಯೆ ಮಳೆ ಹೆಚ್ಚಿದಲ್ಲಿ ಸೈಕಲ್ಲನ್ನು ಮೆಟ್ರೋದಲ್ಲಿ ಕೊಂಡೊಯ್ಯಬಹುದೇ?
ಉತ್ತರ: ಬೆಂಗಳೂರು ಮೆಟ್ರೋದಲ್ಲಿ 2022ರಲ್ಲಿ ಮಡಚಬಹುದಾದ ಸೈಕಲ್‌ಗಳಿಗೆ, ಗಾತ್ರ ಮತ್ತು ತೂಕದ ಮಿತಿಗೆ ಒಳಪಟ್ಟು, ಅನುಮತಿ ನೀಡಲಾಗಿದೆ. ಸಾಮಾನ್ಯ ಸೈಕಲ್ಲಿಗೆ ಈ ಅವಕಾಶವಿರುವುದಿಲ್ಲ.

ಪ್ರಶ್ನೆ: ಮಳೆಯಲ್ಲಿ ನೆನೆದ ಸೈಕಲ್ಲಿನ ನಿರ್ವಹಣೆ ಹೇಗೆ?
ಉತ್ತರ: ಒಣ ಬಟ್ಟೆಯಿಂದ ರಿಮ್ಮು, ಬ್ರೇಕ್ ರಬ್ಬರ್ ಮತ್ತು ಚೈನನ್ನು ಒರೆಸಿ, ಚೈನಿಗೆ ಮಾತ್ರ ಎಣ್ಣೆ ಬಿಡುವುದು. ಬ್ರೇಕ್ ರಬ್ಬರಿಗೆ ಅಂಟಿದ ಮರಳಿನ ಕಣಗಳನ್ನು ತೆಗೆಯುವುದು. ಮಳೆಗಾಲ ಮುಗಿದ ನಂತರ ಚಕ್ರ ಮತ್ತು ಪೆಡಲ್‌ಗಳ ಬೇರಿಂಗ್‌ಗಳಿಗೆ ಹೊಸ ಗ್ರೀಸ್ ಹಾಕಿಸುವುದು.

12. ಸೂಚನೆ

ಮೇಲೆ ತಿಳಿಸಿದ ಸಹಾಯವಾಣಿ ಸಂಖ್ಯೆಗಳನ್ನು ಮತ್ತು ಮನೆಯವರ ದೂರವಾಣಿ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು, ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು, ಸವಾರರು ಜೇಬಿನಲ್ಲಿ ಇಟ್ಟುಕೊಳ್ಳುವುದು ಸೂಕ್ತ. ಮೊಬೈಲ್ ನೆನೆದು ಕೆಟ್ಟಾಗ ಆ ಚೀಟಿಯೇ ಉಪಯೋಗಕ್ಕೆ ಬರುತ್ತದೆ. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಲು ಹಾಗೂ ಮಳೆಯಲ್ಲಿ ಮುಂದೆ ಸಾಗುತ್ತಿರುವ ಸೈಕಲ್ ಸವಾರನಿಗೆ ಒಂದು ಮೀಟರ್ ಜಾಗ ಬಿಟ್ಟು ಸಹಕರಿಸಲು ಕೋರಲಾಗಿದೆ.